ಉಪ್ಪು ಬಿಟ್ಟುಹೋದ ದಾರಿ

ಆಟಿ ತಿಂಗಳಲ್ಲಿ ಮಣಿಪಾಲದಲ್ಲಿ ಉಪ್ಪಿನ ಭರಣಿ ಮುಚ್ಚದೆ ಬಿಟ್ಟರೆ ಸಂಜೆಯೊಳಗೆ ಹರಳೆಲ್ಲ ಒದ್ದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ನೀರು ಎಳೆದುಕೊಳ್ಳುತ್ತದೆ. ನನ್ನ ಕೆಲಸವೂ ಈ ಉಪ್ಪಿನ ಜೊತೆಗೇ.

ಅಪಘಾತದಲ್ಲೋ ಗೆಡ್ಡೆ ತೆಗೆದಾಗಲೋ ಮೂಳೆಯ ಒಂದು ಭಾಗ ಹೋದರೆ, ಅಲ್ಲಿ ಜೀವಕೋಶಗಳು ಹಬ್ಬಲು ಬಸಳೆಗೆ ಹಾಕುವಂಥ ಚಪ್ಪರ ಬೇಕು. ಬಳ್ಳಿ ಬಲಿಯುತ್ತ ಬಂದ ಹಾಗೆ ಈ ಚಪ್ಪರ ತಾನಾಗಿ ಕರಗಬೇಕು. ಅದಕ್ಕೆ ನಾವು ಬಳಸುವುದು ಪಿಎಲ್‌ಜಿಎ ಎಂಬ ಪಾಲಿಮರ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಕರಗುವ ಹೊಲಿಗೆ ದಾರದ ಬಳಗದ್ದೇ. ದೇಹದ ನೀರಿನಲ್ಲಿ ಅದು ಒಡೆದು ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳಾಗುತ್ತದೆ. ಎರಡೂ ಅಂಶ ಸಮವಾಗಿದ್ದರೆ ಒಂದೆರಡು ತಿಂಗಳ ಬಾಳಿಕೆ, ಲ್ಯಾಕ್ಟಿಕ್ ಅಂಶ ಹೆಚ್ಚಿದ್ದರೆ ಇನ್ನೂ ಹೆಚ್ಚು.

ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಜರಡಿ ಹಿಡಿದ 250ರಿಂದ 425 ಮೈಕ್ರಾನಿನ ಉಪ್ಪು ಬೆರೆಸಿ ಅಚ್ಚಿಗೆ ಹೊಯ್ಯುತ್ತೇವೆ. ಒಣಗಿದ ಬಿಲ್ಲೆಯನ್ನು ನೀರು ಬದಲಿಸುತ್ತ ಎರಡು ದಿನ ನೆನೆಸಿದರೆ ಉಪ್ಪು ಇದ್ದಲ್ಲೆಲ್ಲ ತೂತು. ತೂಕದಲ್ಲಿ ಒಂದಕ್ಕೆ ಒಂಬತ್ತು ಪಾಲು ಉಪ್ಪು ಹಾಕಿದರೂ ಉಪ್ಪು ಭಾರವಾದ್ದರಿಂದ ಬಿಲ್ಲೆಯಲ್ಲಿ ಉಳಿಯುವ ಖಾಲಿ ಜಾಗ ಸುಮಾರು ಶೇ 84.

ತೂತು ಮಾಡುವುದು ಸುಲಭ. ಒಂದು ತೂತಿನಿಂದ ಇನ್ನೊಂದಕ್ಕೆ ದಾರಿ ಇರಬೇಕು, ಕಷ್ಟ ಇರುವುದು ಅಲ್ಲಿ. ಮುರಕಲ್ಲಿನ ಮೇಲೆ ಬಿದ್ದ ಮಳೆ ಬಾವಿಗೆ ಇಳಿಯುವುದು ಅಂಥ ದಾರಿಗಳಿಂದಲೇ. ರಕ್ತನಾಳದಿಂದ 0.2 ಮಿಲಿಮೀಟರ್ ದೂರವಾದರೂ ಜೀವಕೋಶಕ್ಕೆ ಆಮ್ಲಜನಕ ಸಾಲದು. ರಕ್ತನಾಳ ಒಳಗೆ ತೂರಿಕೊಂಡು ಬರಲೇಬೇಕು.

ಆರಂಭದ ವರ್ಷಗಳಲ್ಲಿ ಕೋಶ ಬೆಳೆಸುವವರಿಗೆ ನಾನು ಕೊಟ್ಟ ಒಂದು ಕಂತಿನ ಬಿಲ್ಲೆಗಳಲ್ಲಿ ಕೋಶಗಳು ಹೊರಮೈಯಲ್ಲಷ್ಟೇ ಬೆಳೆದವು. ಬ್ಲೇಡಿನಿಂದ ಸೀಳಿ ನೋಡಿದೆ. ಅಡಿಭಾಗದಲ್ಲಿ ಹಾಲಿನ ಕೆನೆಯಂಥ ತೆಳು ಪದರ, ಒಳಗೆ ಪಾಲಿಮರ್ ಸುತ್ತುವರಿದು ಬಂದಿಯಾದ ಉಪ್ಪಿನ ಹರಳು. ನೂರು ಮಿಲಿಗ್ರಾಂ ಪಾಲಿಮರ್ ಹಾಕಿದ ಬಿಲ್ಲೆ ತೊಳೆದು ಒಣಗಿದ ಮೇಲೂ 130 ತೂಗುತ್ತಿತ್ತು. ಕೊಡುವ ಮೊದಲು ತೂಗಿದ್ದರೆ ಸಾಕಿತ್ತು. ಮೂರು ವಾರದ ಬೇರೆಯವರ ಶ್ರಮ ವ್ಯರ್ಥವಾದದ್ದು ನನಗೆ ಇವತ್ತಿಗೂ ನೋವು.

ಇದಕ್ಕೆ ಪರಿಹಾರ ಕೊಟ್ಟದ್ದು ಅದೇ ತೇವ. ಪಾಲಿಮರ್ ಹೊಯ್ಯುವ ಮೊದಲೇ ಉಪ್ಪನ್ನು ತೇವದ ಗಾಳಿಯಲ್ಲಿ ಒಂದು ದಿನ ಇಟ್ಟರೆ ಹರಳುಗಳು ಮೂಲೆಗಳಲ್ಲಿ ಕರಗಿ ಒಂದಕ್ಕೊಂದು ಅಂಟುತ್ತವೆ. ಒಣಗಿಸಿ ಪಾಲಿಮರ್ ಹೊಯ್ದು ತೊಳೆದಾಗ, ಅಂಟಿದ್ದ ಆ ಮೂಲೆಗಳೇ ಬಾಗಿಲು. 2002ರಲ್ಲೇ ಪ್ರಕಟವಾದ ಉಪಾಯವಿದು. ಹೊರಗಿನ ಮಳೆಯನ್ನು ನಂಬಿ ಇದನ್ನು ಮಾಡಬೇಡಿ; ದಿನಕ್ಕೊಂದು ಫಲಿತಾಂಶ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಇನ್ನು ಕರಗದಷ್ಟು ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದ ನೀರು ಇಟ್ಟರೆ ತೇವ ಶೇ 93ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಪಾಲಿಮರಿಗೆ ಮಾತ್ರ ಈ ತೇವ ಸೋಕಬಾರದು. ಫ್ರೀಜರಿನಿಂದ ತೆಗೆದ ಬಾಟಲಿಯ ಹೊರಮೈ ಬೆವರು ಬಿಡುವುದು ನಿಂತು, ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತಿರುಗಿಸಬೇಡಿ. ಕೊನೆಯ ತೊಳೆತದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ: ಬೆಳ್ಳಗೆ ಕದಡಿದರೆ ಉಪ್ಪು ಇನ್ನೂ ಇದೆ, ನೀರು ಬದಲಿಸಿ.