'ನನ್ನ' ಅನ್ನೋ ಒಂದು ಪದ

ಅಮೆರಿಕದ ಲೇಖಕಿ ವಿಲ್ಲಾ ಕ್ಯಾಥರ್ ಅವರ 'ಮೈ ಆಂಟೋನಿಯಾ' ಪಾಠ ಮುಗಿಸಿದಾಗಲೆಲ್ಲ ಕ್ಲಾಸಿನಲ್ಲಿ ಒಂದು ದೂರು ಗ್ಯಾರಂಟಿ: "ಮೇಡಂ, ಇದರಲ್ಲಿ ಕಥೆ ಎಲ್ಲಿದೆ?" ದೂರು ಸುಳ್ಳೇನಲ್ಲ. 1918ರಲ್ಲಿ ಬಂದ ಈ ಕಾದಂಬರಿಯಲ್ಲಿ ಕಥೆ ಹೇಳುವ ಹುಡುಗ ಆಂಟೋನಿಯಾಳನ್ನು ಮದುವೆಯಾಗುವುದಿಲ್ಲ. ಐದು ಭಾಗಗಳಿವೆ, ಸಡಿಲವಾಗಿ ಹೆಣೆದ ಹಾಗೆ. ಮೂರನೆಯದರಲ್ಲಂತೂ ಆಂಟೋನಿಯಾಳ ಸುದ್ದಿ ಬಂದರೆ ಹೆಚ್ಚು.

ಆಗ ನಾನು ಮತ್ತೆ ಮೊದಲ ಪುಟಗಳನ್ನು ತೆಗೆಸುತ್ತೇನೆ. ಕಥೆ ಹೇಳುವ ಆ ಹುಡುಗ, ಈಗ ರೈಲ್ವೆ ಕಂಪನಿಯ ವಕೀಲನಾಗಿರುವ ಜಿಮ್ ಬರ್ಡನ್, ತನ್ನ ಬಾಲ್ಯದ ಗೆಳತಿಯ ಬಗ್ಗೆ ಬರೆದ ಹಾಳೆಗಳನ್ನು ತಂದಿದ್ದಾನೆ. ಮೇಲೆ 'ಆಂಟೋನಿಯಾ' ಎಂದು ಬರೆಯುತ್ತಾನೆ. ಯಾಕೋ ಹುಬ್ಬು ಗಂಟಿಕ್ಕುತ್ತಾನೆ. ಅದರ ಮುಂದೆ 'ನನ್ನ' ಎಂದು ಸೇರಿಸಿದ ಮೇಲೇ ಅವನಿಗೆ ಸಮಾಧಾನ. ಅಂದರೆ ನಾವು ಓದುವುದು ಅವಳ ಜೀವನಚರಿತ್ರೆಯನ್ನಲ್ಲ, ಅವನಲ್ಲಿ ಉಳಿದ ನೆನಪನ್ನು. ನೆನಪಿಗೆ ಪ್ಲಾಟ್ ಎಲ್ಲಿರುತ್ತೆ, ಅಲ್ವಾ?

ಹಾಗೆ ಉಳಿದದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಣ ಅಣಬೆಯ ಪ್ರಸಂಗ. ಯುರೋಪಿನ ಬೊಹೀಮಿಯಾದಿಂದ ಅಮೆರಿಕದ ನೆಬ್ರಾಸ್ಕಾಗೆ ಬಂದ ಆಂಟೋನಿಯಾಳ ಶಿಮರ್ಡಾ ಕುಟುಂಬಕ್ಕೆ ಅದು ಮೊದಲ ಚಳಿಗಾಲ. ನೆಲ ಕೊರೆದು ಮಾಡಿದ ಮನೆ, ಊಟಕ್ಕೂ ತತ್ವಾರ. ದಿನಸಿ ಹೊತ್ತು ತಂದ ಜಿಮ್‌ನ ಅಜ್ಜಿಗೆ ಆ ಮನೆಯಾಕೆ ತನ್ನ ಗಂಟು ಬಿಚ್ಚಿ, ಒಂದು ಟೀ ಕಪ್ಪಿನಷ್ಟು ಕಂದು ಚೂರುಗಳನ್ನು ಅಳೆದು ಕೊಡುತ್ತಾಳೆ. ಅಜ್ಜಿಗೆ ಅದೇನೆಂದು ಗೊತ್ತಾಗುವುದಿಲ್ಲ. ಮನೆಗೆ ಬಂದು ಒಲೆಗೆ ಹಾಕಿಬಿಡುತ್ತಾಳೆ. ಜಿಮ್ ಮಾತ್ರ ಒಂದು ಚೂರಿನ ತುದಿ ಕಚ್ಚಿ ನೋಡುತ್ತಾನೆ. ಅದು ಅಷ್ಟು ದೂರದ ಕಾಡಿನಿಂದ ತಂದ ಅಣಬೆ ಎಂದು ತಿಳಿಯುವುದು ಎಷ್ಟೋ ವರ್ಷಗಳ ನಂತರ. ವಲಸೆ, ಬಡತನ, ಮಾನ ಎಂದು ಲೇಖಕಿ ಅಲ್ಲಿ ಭಾಷಣ ಮಾಡುವುದಿಲ್ಲ. ಕಾದಂಬರಿಯಿಂದ ಅನಗತ್ಯ ವಿವರಗಳೆಂಬ ಪೀಠೋಪಕರಣಗಳನ್ನೆಲ್ಲ ಹೊರಗೆ ಹಾಕಬೇಕು, ಹೇಳಬೇಕಾದದ್ದು ಹೆಸರು ಹೇಳದೆಯೇ ಓದುಗರಿಗೆ ತಾಕಬೇಕು ಎಂದು 1922ರ ಪ್ರಬಂಧವೊಂದರಲ್ಲಿ ಅವರು ವಾದಿಸಿದರು. ಅಣಬೆಯಲ್ಲಿ ಅದನ್ನು ನಾಲ್ಕು ವರ್ಷ ಮೊದಲೇ ಮಾಡಿ ತೋರಿಸಿದ್ದರು.

ಇನ್ನು ಆ ಪ್ರಸಿದ್ಧ ನೇಗಿಲು. ಮುಳುಗುವ ಸೂರ್ಯನ ಎದುರು ದೈತ್ಯಾಕಾರವಾಗಿ ಕಾಣುತ್ತದಲ್ಲ, ಅದು. 'ಪಯೋನಿಯರ್ ಬದುಕಿನ', ಅಂದರೆ ಆ ಬಯಲಿಗೆ ಮೊದಲು ಬಂದು ನೆಲೆಸಿದ ರೈತರ ಬದುಕಿನ, 'ಸಂಕೇತ' ಎಂದು ಬರೆದು ಎಲ್ಲರೂ ಪೆನ್ ಕೆಳಗಿಡುತ್ತಾರೆ. ಮುಂದಿನ ಸಾಲುಗಳನ್ನು ಓದಿರುವುದಿಲ್ಲ. ಸೂರ್ಯ ಇಳಿದ ಮೇಲೆ ಅದೇ ನೇಗಿಲು ಮತ್ತೆ ಪುಟ್ಟದಾಗಿ ಬಯಲಿನಲ್ಲೆಲ್ಲೋ ಕರಗಿಹೋಗುತ್ತದೆ. ಜಿಮ್ ನಿಂತಿದ್ದ ಜಾಗದಿಂದ, ಆ ಒಂದು ಗಳಿಗೆ ಮಾತ್ರ ಅದು ದೊಡ್ಡದು. ಇಲ್ಲೂ ಅದೇ 'ನನ್ನ'.

ನನ್ನ ತಕರಾರು ಬೇರೆ ಕಡೆ ಇದೆ. ಮೊದಲ ಹಿಮ ಬಿದ್ದಾಗ ಹುಲ್ಲಿನ ನಡುವೆ ಒಂದು ದೊಡ್ಡ ವೃತ್ತ ಎದ್ದು ಕಾಣುತ್ತದೆ. ಮೂಲನಿವಾಸಿಗಳು ಕುದುರೆ ಓಡಿಸುತ್ತಿದ್ದ ಜಾಗವಂತೆ. ಅವರು ಯಾರು, ಎಲ್ಲಿಗೆ ಹೋದರು? ಜಿಮ್ ಕೇಳುವುದಿಲ್ಲ. ಆ ವೃತ್ತವನ್ನು ಚಳಿಗಾಲಕ್ಕೆ ಒಳ್ಳೆಯ ಶಕುನ ಅಂದುಕೊಂಡು ಮುಂದೆ ಹೋಗುತ್ತಾನೆ. ಅಣಬೆಯ ಪುಟದಲ್ಲಿ ಹೇಳದೆ ಬಿಟ್ಟದ್ದಕ್ಕೆ ಪೂರ್ತಿ ಅಂಕ ಕೊಡುವ ನಾನು ಇಲ್ಲಿ ಮಾತ್ರ ಕೊಡಲಾರೆ.