ಗೊದಮೊಟ್ಟೆಯಾಗದ ಕಪ್ಪೆ

ಜೂನ್ ತಿಂಗಳ ಮಳೆ ಹಿಡಿದುಕೊಂಡ ಮೇಲೆ ಶಿರಸಿ, ಜೋಯಿಡಾ ಕಡೆಯ ಕಾಡಂಚಿನ ಪೊದೆಗಳಲ್ಲಿ ರಾತ್ರಿಯಿಡೀ ‘ಟಿಕ್ ಟಿಕ್’ ಸದ್ದು. ಜೀರುಂಡೆಯೆಂದು ತಿಳಿಯುವವರೇ ಹೆಚ್ಚು. ಕೂಗುತ್ತಿರುವುದು ಎರಡು-ಮೂರು ಸೆಂಟಿಮೀಟರ್ ಉದ್ದದ ಗಂಡು ಪೊದೆಗಪ್ಪೆ. ಬೆರಳ ತುದಿಯ ಅಗಲವಾದ ಮೆತ್ತೆಗಳಿಂದ ಎಲೆಗೆ ಅಂಟಿಕೊಂಡು, ಗಂಟಲ ಚೀಲವನ್ನು ಮೈಯಷ್ಟೇ ದೊಡ್ಡದಾಗಿ ಉಬ್ಬಿಸಿರುತ್ತದೆ.

ಇವು ರಾವೋರ್ಕೆಸ್ಟಿಸ್ ಕುಲದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾಯರ ಗೌರವಾರ್ಥ 2010ರಲ್ಲಿ ಇಟ್ಟ ಹೆಸರಿದು. ನಮ್ಮವರೊಬ್ಬರ ಹೆಸರು ಹೊತ್ತ ಕಪ್ಪೆಗಳ ಪರಿಚಯ ನಮಗೇ ಇಲ್ಲದಿರುವುದು ಬೇಸರದ ಸಂಗತಿ. ಈ ಕುಲದ ಬಾಂಬೆಯೆನ್ಸಿಸ್ ಎಂಬ ಪ್ರಭೇದವನ್ನು ಪ್ರಾಣಿಶಾಸ್ತ್ರಜ್ಞ ಆನಂಡೇಲ್ 1919ರಲ್ಲಿ ವರ್ಣಿಸಿದ್ದು ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಸಿಕ್ಕ ಮಾದರಿಯಿಂದ.

ಇವುಗಳ ಬದುಕಿನಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಕೆರೆ ಕುಂಟೆಯ ಕಪ್ಪೆಗಳು ಸಾವಿರಗಟ್ಟಲೆ ಮೊಟ್ಟೆಯಿಟ್ಟು ನೀರಿಗೆ ಒಪ್ಪಿಸಿದರೆ, ಪೊದೆಗಪ್ಪೆಯ ಹೆಣ್ಣು ಭಂಡಾರ, ಅಂದರೆ ಮರಿಗೆ ಆಹಾರವಾಗುವ ಹಳದಿ, ತುಂಬಿದ ಕೆಲವೇ ದಪ್ಪ ಮೊಟ್ಟೆಗಳನ್ನು ತೇವದ ನೆಲದಲ್ಲೋ ದರಕಿನ (ಉದುರಿದ ಒಣ ಎಲೆಗಳ) ಅಡಿಯಲ್ಲೋ ಇಡುತ್ತದೆ. ಆ ಪಾರದರ್ಶಕ ಲೋಳೆಯೊಳಗೇ ಮರಿಗೆ ಕಾಲು ಮೂಡುತ್ತದೆ, ಬಾಲ ಕರಗುತ್ತದೆ. ಹೊರಬರುವಾಗ ಅದು ಕೆಲವೇ ಮಿಲಿಮೀಟರ್ ಉದ್ದದ ಪೂರ್ಣ ಕಪ್ಪೆ.

ಕೊಳ ಬೇಡವೆಂದಮಾತ್ರಕ್ಕೆ ಇದು ಎಲ್ಲಿಯಾದರೂ ಬದುಕೀತು ಎಂದುಕೊಳ್ಳಬಾರದು. ಮೊಟ್ಟೆಗೆ ಚಿಪ್ಪಿಲ್ಲ, ಗಾಳಿ ಒಣಗಿದರೆ ಅದೂ ಒಣಗುತ್ತದೆ. ತೆಳು ಚರ್ಮದ ಮೂಲಕವೂ ಉಸಿರಾಡುವ ಬೆಳೆದ ಕಪ್ಪೆಗೂ ತೇವವೇ ಆಧಾರ. ಆ ತೇವವನ್ನು ಹಿಡಿದಿಡುವುದು ಮೇಲಿನ ಎಲೆಚಪ್ಪರ ಮತ್ತು ಕೆಳಗಿನ ದರಕು. ರಸ್ತೆಗೋ ವಿದ್ಯುತ್ ತಂತಿಗೋ ಒಂದು ಪಟ್ಟಿ ಮರ ಕಡಿದರೆ ಬಿಸಿಲೂ ಗಾಳಿಯೂ ಇಕ್ಕೆಲದ ಕಾಡಿನೊಳಗೆ ನುಗ್ಗುತ್ತವೆ. ಪರಿಹಾರವೆಂದು ಬೇರೆಡೆ ಅಕೇಶಿಯಾ ನೆಟ್ಟರೆ ಮರದ ಲೆಕ್ಕ ಸರಿಹೋದೀತು, ಆ ತಂಪು ಮರಳದು.

ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟದ ಸೊಪ್ಪು-ದರಕಿಗೆಂದು ಬಿಟ್ಟ ಕಾಡಿನಿಂದ, ದರಕು ತರುವುದು ಇಲ್ಲಿನ ಹಳೆಯ ಪದ್ಧತಿ. ಅದನ್ನು ನಿಲ್ಲಿಸಿ ಎನ್ನಲಾರೆ. ಬೆಟ್ಟ ಉಳಿದಿರುವುದೇ ತೋಟದ ಅಗತ್ಯದಿಂದ. ಆದರೆ ಹಳ್ಳದಂಚಿನ ನೆರಳಲ್ಲಿ ಗುಡಿಸದೆ ಒಂದಿಷ್ಟು ಬಿಡಬಹುದು.

ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆಯಿಂದ, ಕಾಡು ಸೀಳುವ ದೊಡ್ಡ ಯೋಜನೆಗಳಿಂದ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗಿನ ಜೋಡಿ ರೈಲು ಹಳಿಗೆ ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಇಂಥ ಯೋಜನೆಗಳ ಚರ್ಚೆಯಲ್ಲಿ ಹುಲಿ, ಆನೆಯ ಹೆಸರು ಬಂದೇ ಬರುತ್ತದೆ. ಕ್ಯಾಸಲ್‌ರಾಕ್‌ನಲ್ಲೇ ಮೊದಲು ಗುರುತಿಸಿದ ಕಪ್ಪೆಯ ಹೆಸರೂ ಅಲ್ಲಿ ಬರಬೇಕು.