ನೀವು ಸಿಕ್ಕಿಹಾಕಿಕೊಂಡಿದ್ದು ನಮಗೆ ಕಾಣಲ್ಲ

ಪೂರ್ತಿ ರಿಮೋಟ್ ಆಗಿ ನಡೆಯುವ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ತಂಡ ನೋಡಿಕೊಳ್ಳುತ್ತೇನೆ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕ್ಯಾಮೆರಾ ಆನ್ ಇಡಬೇಕಾ? ಮಧ್ಯಾಹ್ನ ಒಂದು ಗಂಟೆ ಹೊತ್ತು ಎದ್ದು ಹೋದರೆ ಪರವಾಗಿಲ್ವಾ? ಇವೆಲ್ಲ ಕೆಲವೇ ವಾರಗಳಲ್ಲಿ ತಾನಾಗೇ ಹೊಂದಿಕೊಳ್ಳುತ್ತವೆ. ಒಳ್ಳೊಳ್ಳೆ ಕೆಲಸಗಾರರು ಎಡವುವುದು ಯಾರೂ ಕೇಳದ ಬೇರೊಂದು ಕಡೆ. ಕೆಲಸ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವರು ಸುಮ್ಮನಾಗಿಬಿಡುತ್ತಾರೆ.

ಆಫೀಸಿನಲ್ಲಿ ಸುಮ್ಮನಿದ್ದರೂ ನಡೆಯುತ್ತದೆ. ತಲೆ ಮೇಲೆ ಕೈಹೊತ್ತು ಕೂತಿದ್ದು ಪಕ್ಕದ ಮೇಜಿನವರಿಗೆ ಕಾಣುತ್ತದೆ. "ಏನಾಯ್ತು?" ಅಂತ ಬಂದು ನೋಡುತ್ತಾರೆ, "ಓ ಇದಾ, ಆ ಸೆಟ್ಟಿಂಗ್ ಬದಲಾಯಿಸಿ" ಅನ್ನುತ್ತಾರೆ, ಮುಗಿಯಿತು. ಬಾಯಿಬಿಟ್ಟು ಕೇಳದೆ ಸಿಕ್ಕ ಸಹಾಯ ಅದು. ರಿಮೋಟ್‌ನಲ್ಲಿ ನಿಮ್ಮ ಮುಖ ಯಾರಿಗೂ ಕಾಣಲ್ಲ. ಚಾಟ್‌ನಲ್ಲಿ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಇರುತ್ತದೆ, ಅಷ್ಟೇ. ಕೆಲಸ ಸಲೀಸಾಗಿ ಸಾಗುತ್ತಿರುವವರ ಚುಕ್ಕಿಯೂ ಹಸಿರೇ, ಬೆಳಗ್ಗೆಯಿಂದ ಒಂದೇ ಎರರ್ ದಿಟ್ಟಿಸುತ್ತಾ ಕೂತವರ ಚುಕ್ಕಿಯೂ ಹಸಿರೇ.

ಒಬ್ಬ ಹುಡುಗಿ ಸೇರಿದ್ದಳು, ತುಂಬ ಚುರುಕು. ಮೊದಲ ಕೆಲಸ ಸಣ್ಣದು. ಒಂದು ವರದಿಯಲ್ಲಿ ತಾರೀಕು ತಪ್ಪಾಗಿ ಬರುತ್ತಿತ್ತು, ಸರಿಮಾಡಬೇಕಿತ್ತು. ಕೆಲಸ ಎಲ್ಲಿಗೆ ಬಂತು ಅಂತ ಎಲ್ಲರೂ ತಂಡಕ್ಕೆ ತಿಳಿಸುವ ಬೆಳಗಿನ ಸ್ಟ್ಯಾಂಡಪ್‌ನಲ್ಲಿ ದಿನಾ "ನಡೀತಾ ಇದೆ, ಇವತ್ತು ಮುಗಿಯುತ್ತೆ" ಅಂತ ಬರೆಯುತ್ತಿದ್ದಳು. ವಾರ ಕಳೆದರೂ ಮುಗಿಯದಿದ್ದಾಗ ಕಾಲ್ ಮಾಡಿ, ಸ್ಕ್ರೀನ್ ಶೇರ್ ಮಾಡು ಅಂದೆ. ನೋಡಿದರೆ, ಟೆಸ್ಟ್ ಡೇಟಾಬೇಸ್‌ಗೆ ಅವಳಿಗೆ ಪರ್ಮಿಷನ್ನೇ ಸಿಕ್ಕಿರಲಿಲ್ಲ. ಅಕೌಂಟ್ ಮಾಡಿಕೊಟ್ಟವರು ಅದೊಂದು ಟಿಕ್ ಹಾಕುವುದನ್ನು ಮರೆತಿದ್ದರು. ಪಾಪ, ಅವಳು ತನ್ನ ಲ್ಯಾಪ್‌ಟಾಪ್‌ನಲ್ಲೇ ಡೇಟಾಬೇಸ್ ಹಾಕಿಕೊಂಡು, ಕೈಯಾರೆ ಡಮ್ಮಿ ಡೇಟಾ ತುಂಬಿಕೊಂಡು ಒದ್ದಾಡುತ್ತಿದ್ದಳು. ಯಾಕಮ್ಮಾ ಕೇಳಲಿಲ್ಲ ಅಂದರೆ, "ಎಲ್ಲರಿಗೂ ಗೊತ್ತಿರೋದನ್ನ ಕೇಳಿದ್ರೆ ಏನಂದ್ಕೋತೀರೋ ಅಂತ, ಮೇಡಂ" ಅಂದಳು. ಸಂಕಟವಾಯಿತು. ಪರ್ಮಿಷನ್ ಕೊಡುವುದಕ್ಕೆ ಎರಡು ನಿಮಿಷ ಸಾಕಾಯಿತು.

ಇಂಥವರಿಗೆ "ಕೇಳಿ, ಕೇಳಿ" ಅಂತ ಎಷ್ಟು ಸಲ ಹೇಳಿದರೂ ಇನ್ನೊಂದು ತಪ್ಪಾಗುತ್ತದೆ. ಕೇಳುತ್ತಾರೆ, ಆದರೆ ಅರ್ಧ ಕೇಳುತ್ತಾರೆ. ಸಂಜೆ ಏಳಕ್ಕೆ "ಪೇಮೆಂಟ್ ಪೇಜ್ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡ್ತೀರಾ?" ಅಂತ ಬರೆದು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಅದನ್ನು ನೋಡಬೇಕಾದವರು ಹತ್ತು ಗಂಟೆ ಹಿಂದಿರುವ ದೇಶದಲ್ಲಿದ್ದಾರೆ ಅಂದುಕೊಳ್ಳಿ. ಅಲ್ಲಿ ಆಗ ಬೆಳಗ್ಗೆ. ಅವರು "ಯಾವ ಎರರ್? ಎಲ್ಲಿ ಬರ್ತಿದೆ?" ಅಂತ ಕೇಳುತ್ತಾರೆ. ಅದನ್ನು ನೀವು ನೋಡುವುದು ಮರುದಿನ ಬೆಳಗ್ಗೆ. ನೀವು ಉತ್ತರ ಬರೆಯುವ ಹೊತ್ತಿಗೆ ಅಲ್ಲಿ ರಾತ್ರಿ. ಪರಿಹಾರ ನಿಮ್ಮ ಕೈಗೆ ಸಿಗುವಾಗ ಮೂರನೇ ದಿನ. ಒಂದೇ ಕೋಣೆಯಲ್ಲಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಮಾತು ಇದು.

ನಾನು ಪದೇ ಪದೇ ಹೇಳುವುದು ಇದನ್ನೇ. ಎದುರಿನವರು ನಿಮ್ಮನ್ನು ತಿರುಗಿ ಏನೂ ಕೇಳದೆ ಕೆಲಸಕ್ಕೆ ಇಳಿಯುವ ಹಾಗೆ ಬರೆಯಿರಿ. ಹೀಗೆ: "ಟೆಸ್ಟ್ ಸರ್ವರ್‌ನಲ್ಲಿ ಪೇ ಬಟನ್ ಒತ್ತಿದ ಮೇಲೆ 403 ಎರರ್ ಬರ್ತಿದೆ. ನಿನ್ನೆ ಬೆಳಗ್ಗೆವರೆಗೆ ಸರಿಯಿತ್ತು. ಕ್ಯಾಶೆ ಕ್ಲಿಯರ್ ಮಾಡಿ ನೋಡಿದೆ, ಬೇರೆ ಅಕೌಂಟ್‌ನಿಂದಲೂ ನೋಡಿದೆ, ಹಾಗೇ ಇದೆ. ನಿನ್ನೆ ಮಧ್ಯಾಹ್ನ ಟೋಕನ್ ಕೋಡ್ ಬದಲಾಗಿದೆ, ಅದರಿಂದ ಇರಬಹುದಾ ಅಂತ ಅನುಮಾನ. ಲಾಗ್ ಕೆಳಗಿದೆ. ನೀವು ನೋಡೋವರೆಗೆ ನಾನು ಇನ್‌ವಾಯ್ಸ್ ಟಿಕೆಟ್ ತಗೋತೀನಿ." ಏನಾಗುತ್ತಿದೆ, ಯಾವಾಗಿನಿಂದ, ಏನೇನು ಮಾಡಿ ನೋಡಿದಿರಿ, ಯಾವುದರ ಮೇಲೆ ಅನುಮಾನ, ಎಲ್ಲ ಇದರಲ್ಲಿದೆ. ಕೊನೆಯ ಸಾಲನ್ನು ಮಾತ್ರ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದಿದ್ದರೆ ಉತ್ತರ ಎಂಟು ಗಂಟೆ ತಡವಾದರೂ ಇಬ್ಬರಿಗೂ ನೆಮ್ಮದಿ. ಅನುಮಾನ ತಪ್ಪಿದ್ದರೆ? ತಪ್ಪಿರಲಿ. ತಪ್ಪು ಅನುಮಾನವೂ ಹುಡುಕುವ ಜಾಗ ಕಡಿಮೆ ಮಾಡುತ್ತದೆ.

ಪೂರ್ತಿಯಾಗದ್ದನ್ನು ನಾಲ್ಕು ಜನರ ಮುಂದೆ ಇಡುವ ಅಳುಕು ಇವತ್ತಿನದಲ್ಲ. 1969ರ ಏಪ್ರಿಲ್‌ನಲ್ಲಿ, ಇಂಟರ್‌ನೆಟ್‌ಗೆ ತಳಪಾಯವಾದ ಅರ್ಪಾನೆಟ್ ಕಟ್ಟಲು ಹೊರಟವರು ದೂರದೂರದ ಸಂಸ್ಥೆಗಳಲ್ಲಿ ಹಂಚಿಹೋಗಿದ್ದರು. ಟಿಪ್ಪಣಿ ಬರೆದು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಅವುಗಳಿಗೆ ಆರ್‌ಎಫ್‌ಸಿ (ರಿಕ್ವೆಸ್ಟ್ ಫಾರ್ ಕಾಮೆಂಟ್ಸ್, ಅಂದರೆ ಅಭಿಪ್ರಾಯ ತಿಳಿಸಿ ಅನ್ನೋ ಕೋರಿಕೆ) ಅಂತ ಹೆಸರು. ಮೂರನೆಯದು, ಅಂದರೆ ಆರ್‌ಎಫ್‌ಸಿ 3, ಅವರಲ್ಲೊಬ್ಬರಾದ ಸ್ಟೀವ್ ಕ್ರಾಕರ್ ಬರೆದದ್ದು. ಟಿಪ್ಪಣಿ ನಯವಾಗಿರುವುದಕ್ಕಿಂತ ಹೊತ್ತಿಗೆ ಸರಿಯಾಗಿ ಬರಲಿ ಅಂತ ಅದರಲ್ಲಿದೆ. ಒಂದೇ ವಾಕ್ಯ ಇದ್ದರೂ ಸಾಕು, ಉತ್ತರ ಗೊತ್ತಿಲ್ಲದ ಬರೀ ಪ್ರಶ್ನೆಯೂ ನಡೆಯುತ್ತದೆ. ಬರೆದದ್ದೆಲ್ಲ ಅಂತಿಮ ಮಾತು ಅಂತ ಜನ ಹೆದರುತ್ತಾರೆ, ಆ ಹೆದರಿಕೆ ಹೋಗಲಿ ಅನ್ನೋ ಉದ್ದೇಶವನ್ನೂ ಅವರು ಅಲ್ಲೇ ಹೇಳಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದವರಿಗೇ ಈ ಮಾತು ಹೇಳಬೇಕಾಗಿ ಬಂತು ಅಂದರೆ, ಮೊದಲ ವಾರದ ನಿಮ್ಮ ಅಳುಕು ತೀರಾ ಸಹಜ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರು ಇವತ್ತಿಗೂ ಇನ್ನೂ ಹದವಾಗದ ಪ್ಯಾಚ್‌ನ (ಕೋಡ್ ಬದಲಾವಣೆಯ) ತಲೆಬರಹದಲ್ಲಿ ಆರ್‌ಎಫ್‌ಸಿ ಅಂತ ಬರೆದು ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ 2019ರಿಂದ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಇದೆ, ಅಂದರೆ ಇನ್ನೂ ಮುಗಿದಿಲ್ಲ ಅಂತ ಹೇಳಿಯೇ ಕೋಡ್ ತೋರಿಸುವ ದಾರಿ. ಅದನ್ನು ಬಳಸಿ. ಮೊದಲ ದಿನವೇ ತೆರೆದಿಡಿ.

ಆದಷ್ಟೂ ತಂಡದ ಚಾನೆಲ್‌ನಲ್ಲೇ ಕೇಳಿ. ಒಬ್ಬರಿಗೇ ಖಾಸಗಿಯಾಗಿ ಬರೆದರೆ, ಅವರು ರಜೆಯಲ್ಲಿದ್ದರೆ ಪ್ರಶ್ನೆ ಅಲ್ಲೇ ಕೂತಿರುತ್ತದೆ. ಪಾಸ್‌ವರ್ಡ್, ಗ್ರಾಹಕರ ವಿವರ ಮಾತ್ರ ಯಾವ ಚಾನೆಲ್‌ಗೂ ಹಾಕಬೇಡಿ. ಲಾಗ್ (ಸಿಸ್ಟಮ್ ತಾನೇ ಬರೆದಿಡುವ ದಾಖಲೆ) ಅಂಟಿಸುವ ಮೊದಲು ಅದರಲ್ಲಿ ಅಂಥದ್ದೇನಾದರೂ ಇದೆಯಾ ಅಂತ ಕಣ್ಣಾಡಿಸಿ.

ಎಷ್ಟು ಹೊತ್ತು ಒದ್ದಾಡಿ ಆಮೇಲೆ ಕೇಳಬೇಕು ಅನ್ನೋದಕ್ಕೆ ಎಲ್ಲರಿಗೂ ಹೊಂದುವ ಲೆಕ್ಕ ನನ್ನ ಹತ್ತಿರ ಇಲ್ಲ. ಪರ್ಮಿಷನ್, ಪಾಸ್‌ವರ್ಡ್ ರೀಸೆಟ್‌ನಂಥದ್ದನ್ನು ತಕ್ಷಣ ಕೇಳಿ, ಅದರಲ್ಲಿ ಕಲಿಯುವುದೇನಿಲ್ಲ. ಕೋಡ್‌ನ ಕಗ್ಗಂಟಾದರೆ ಗಂಟೆ, ಎರಡು ಗಂಟೆ ಹೆಣಗಾಡಿ. ಆಮೇಲೂ ದಾರಿ ಕಾಣದಿದ್ದರೆ ಬರೆಯಿರಿ. ಬರೆಯುತ್ತಾ ಬರೆಯುತ್ತಾ ಉತ್ತರ ನಿಮಗೇ ಹೊಳೆದುಬಿಡುವುದೂ ಉಂಟು. ಹೊಳೆದರೂ ಮೆಸೇಜ್ ಅಳಿಸಬೇಡಿ. ಉತ್ತರದ ಸಮೇತ ಹಾಕಿ, ನಾಳೆ ಇನ್ನೊಬ್ಬರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ನಾನು ಹೇಳಿದ್ದು ಎಲ್ಲ ಕಂಪನಿಗೂ ಹೊಂದಲ್ಲ. ಕೇಳಿದ ಪ್ರಶ್ನೆಗಳನ್ನು ವರ್ಷದ ಕೊನೆಗೆ ನಿಮ್ಮ ವಿರುದ್ಧವೇ ಎತ್ತಿ ತೋರಿಸುವ, ಕೀಬೋರ್ಡ್ ಒತ್ತಿದ್ದನ್ನು ಎಣಿಸುವ ಕಡೆ ಜನ ಸುಮ್ಮನಿರುವುದನ್ನು ತಪ್ಪು ಅನ್ನಲಾರೆ. ಅಲ್ಲಿ ಬದಲಾಗಬೇಕಾದವರು ಮ್ಯಾನೇಜರ್‌ಗಳು. ಹೊಸಬರ ಮೊದಲ ಪ್ರಶ್ನೆಗೆ ತಂಡದ ಹಿರಿಯರು ಎಲ್ಲರೆದುರು ಹೇಗೆ ಉತ್ತರ ಕೊಡುತ್ತಾರೆ ಅನ್ನೋದರ ಮೇಲೆ ಅವರು ಎರಡನೆಯದು ಕೇಳುತ್ತಾರಾ ಇಲ್ವಾ ಅನ್ನೋದು ನಿಂತಿದೆ. "ಡಾಕ್ಯುಮೆಂಟ್‌ನಲ್ಲಿದೆ ನೋಡಿ" ಅಂತ ಮೊಟಕಾಗಿ ಬರೆಯುವ ಬದಲು ಆ ಪುಟದ ಲಿಂಕ್ ಕೊಡಿ. ಅರ್ಧ ನಿಮಿಷ ಜಾಸ್ತಿ ಹಿಡಿಯಬಹುದು, ಅಲ್ವಾ?

ಇಷ್ಟೆಲ್ಲ ಬರೆದು ಕೇಳಿದರೂ ಉತ್ತರ ಬರದಿದ್ದರೆ ಅನ್ನುತ್ತೀರಿ. ಮರುದಿನ ಅದೇ ಥ್ರೆಡ್‌ನಲ್ಲಿ ಹೆಸರು ಟ್ಯಾಗ್ ಮಾಡಿ ಇನ್ನೊಮ್ಮೆ ಕೇಳಿ. ಆಗಲೂ ಬರದಿದ್ದರೆ ನನಗೆ ಹೇಳಿ, ಉತ್ತರ ಕೊಡಬಲ್ಲವರನ್ನು ಹುಡುಕಿ ನಿಮಗೆ ಗಂಟುಹಾಕುವುದು ನನ್ನ ಕೆಲಸ.